ಅಗ್ಗದ ಸೌರ ಫಲಕ ನಿಜವಾಗಿಯೂ ಅಗ್ಗವೇ?



ತಿಕೋಟಾ ಮತ್ತು ಬಬಲೇಶ್ವರ ಭಾಗದ ದ್ರಾಕ್ಷಿ ಬೆಳೆಗಾರರಿಗೆ ಏಪ್ರಿಲ್ ಚಾಟ್ನಿಯ ನಂತರದ ದಿನಗಳು ಬಹು ಮುಖ್ಯವಾದವು. ಹೊಸ ಚಿಗುರಿಗೆ ನೀರು ಬೇಕು. ಹಗಲಿನ ಉಷ್ಣತೆಯಾದರೋ 40 ಡಿಗ್ರಿ ಸೆಲ್ಸಿಯಸ್ ಮುಟ್ಟಿರುತ್ತದೆ. ಕೊಳವೆ ಬಾವಿಗೆ ಸೌರ ಪಂಪು ಕೂಡಿಸುವವರು ಈ ಕಾಲವನ್ನೇ ಲೆಕ್ಕಕ್ಕೆ ಹಿಡಿದು ಫಲಕವನ್ನು ಆರಿಸಬೇಕು. ತೆಳುಪದರದ ಫಲಕ ಅಗ್ಗ, ಬಿಸಿಲಿಗೂ ಒಳ್ಳೆಯದು ಎಂಬ ಮಾತು ಎಷ್ಟರಮಟ್ಟಿಗೆ ನಿಜವೆಂಬುದನ್ನು ಈಗ ನೋಡೋಣ.

ತೆಳುಪದರ ಎಂದರೇನು?

ಸಾಮಾನ್ಯ ಸೌರಕೋಶವನ್ನು ಹರಳು ಸಿಲಿಕಾನಿನ ಬಿಲ್ಲೆಯಿಂದ ತಯಾರಿಸುತ್ತಾರೆ. ಇದರ ದಪ್ಪ ಸುಮಾರು 150 ಮೈಕ್ರಾನ್. ಮಿಲಿಮೀಟರಿನ ಸಾವಿರದ ಒಂದು ಭಾಗವೇ ಮೈಕ್ರಾನ್. 1976ರಲ್ಲಿ ಅಮೆರಿಕದ ಕಾರ್ಲ್‌ಸನ್ ಮತ್ತು ವ್ರಾನ್ಸ್ಕಿ ಎಂಬ ವಿಜ್ಞಾನಿಗಳು ಹರಳುಗಟ್ಟದ ಸಿಲಿಕಾನಿನ ಕೋಶದ ವಿವರ ಪ್ರಕಟಿಸಿದರು. ಇದು ಬೆಳಕನ್ನು ಚೆನ್ನಾಗಿ ಹೀರುವುದರಿಂದ ಗಾಜಿನ ಮೇಲೆ ಒಂದು ಮೈಕ್ರಾನಿಗಿಂತ ತೆಳುವಾದ ಲೇಪ ಸಾಕಾಗುತ್ತದೆ, ಸಿಲಿಕಾನ್ ಉಳಿಯುತ್ತದೆ. ಆದರೆ ತೆಳುವಾದ ಪದರದಿಂದ ಸ್ವಲ್ಪ ಬೆಳಕು ಹೀರದೆಯೇ ಹೊರಬೀಳುತ್ತದೆ. ಆದುದರಿಂದ ಪದರದ ಮೈಯನ್ನು ತರಿತರಿಯಾಗಿ ಮಾಡಿ, ಹಿಂಬದಿಗೆ ಬೆಳಕನ್ನು ಮರಳಿಸುವ ಲೋಹದ ಲೇಪ ಕೊಡುತ್ತಾರೆ. ಎರಿ ಹೊಲದಲ್ಲಿ ಒಡ್ಡು ಹಾಕಿ, ಓಡುವ ಮಳೆನೀರನ್ನು ತಡೆದು ಇಂಗಿಸುವಂತೆಯೇ ಇದು.

ಇಷ್ಟಾದರೂ ಒಂದು ಕೊರತೆ ಉಳಿಯಿತು. ಇಂಥ ಕೋಶದ ಶಕ್ತಿ ಮೊದಲ ಕೆಲವು ತಿಂಗಳ ಬಿಸಿಲಿಗೇ ಇಳಿದು, ಆಮೇಲೆ ಒಂದು ಮಟ್ಟದಲ್ಲಿ ನಿಲ್ಲುತ್ತದೆ. ಈ ದೋಷವನ್ನು 1977ರಲ್ಲಿಯೇ ಗುರುತಿಸಲಾಯಿತು.

ಬಿಸಿಲಿನ ಲೆಕ್ಕ

ಹರಳು ಫಲಕದ ದಕ್ಷತೆ ಶೇಕಡಾ 20, ತೆಳುಪದರದ್ದು ಶೇಕಡಾ 7 ಎಂದು ಹಿಡಿಯೋಣ. 3 ಅಶ್ವಶಕ್ತಿಯ ಪಂಪಿಗೆ ಸುಮಾರು 3,000 ವ್ಯಾಟ್ ಬೇಕು. ಮೊದಲನೆಯದಕ್ಕೆ 15 ಚದರ ಮೀಟರ್ ಫಲಕ ಸಾಕು; ಎರಡನೆಯದಕ್ಕೆ 43 ಚದರ ಮೀಟರ್ ಬೇಕಾಗುತ್ತದೆ.

ಫಲಕದ ಮೇಲೆ ಬರೆದಿರುವ ವ್ಯಾಟ್, ಕೋಶದ ಉಷ್ಣತೆ 25 ಡಿಗ್ರಿ ಇದ್ದಾಗಿನದು. ಬೇಸಿಗೆಯಲ್ಲಿ ಕೋಶ 65 ಡಿಗ್ರಿಗೆ ಕಾದರೆ, ಪ್ರತಿ ಡಿಗ್ರಿಗೆ ಹರಳು ಫಲಕ ಶೇಕಡಾ 0.35ರಷ್ಟು, ತೆಳುಪದರ ಶೇಕಡಾ 0.2ರಷ್ಟು ಶಕ್ತಿ ಕಳೆದುಕೊಳ್ಳುತ್ತದೆ. ಹೀಗೆ 3,000 ವ್ಯಾಟಿನಲ್ಲಿ ಹರಳು ಫಲಕದಿಂದ 2,580, ತೆಳುಪದರದಿಂದ 2,760 ವ್ಯಾಟ್ ದೊರೆಯುತ್ತದೆ. ತೆಳುಪದರಕ್ಕೆ 180 ವ್ಯಾಟ್ ಲಾಭವುಂಟು, ನಿಜ. ಆದರೆ ಹರಳು ಫಲಕವನ್ನು ಸುಮಾರು ಒಂದು ಚದರ ಮೀಟರ್ ಹೆಚ್ಚಿಸಿದರೆ ಅಷ್ಟೇ ಶಕ್ತಿ ದೊರೆಯುತ್ತದೆ! ತೆಳುಪದರಕ್ಕಾದರೆ ಸುಮಾರು ಮೂರು ಪಟ್ಟು ಜಾಗ. ಅದಕ್ಕೆ ತಕ್ಕಂತೆ ಕಬ್ಬಿಣದ ಚೌಕಟ್ಟು, ತಳಪಾಯ, ತಂತಿ, ತೊಳೆಯುವ ಆಳು.

ಈ ಸಂಶೋಧನೆ ವ್ಯರ್ಥವಾಗಿಲ್ಲ. ಹರಳು ಬಿಲ್ಲೆಯ ಎರಡೂ ಬದಿಗೆ ಹರಳುಗಟ್ಟದ ಸಿಲಿಕಾನಿನ ಅತಿ ತೆಳುವಾದ ಲೇಪ ಕೊಟ್ಟ ಹೆಟೆರೊಜಂಕ್ಷನ್ ಫಲಕಗಳು ಈಗ ದೊರೆಯುತ್ತವೆ. ಇವುಗಳ ದಕ್ಷತೆಯೂ ಹೆಚ್ಚು, ಕಾವಿಗೆ ಆಗುವ ನಷ್ಟವೂ ಕಡಿಮೆ.

ಕೊಳ್ಳುವ ಮುನ್ನ

ವಿಜಯಪುರಕ್ಕೆ ಹೋಗಿ ಫಲಕ ಕೊಳ್ಳುವಾಗ ವ್ಯಾಟಿಗೆ ಎಷ್ಟು ದರ ಎಂದಷ್ಟೇ ಕೇಳಬೇಡಿ. ಚೌಕಟ್ಟು, ತಳಪಾಯ, ತಂತಿ ಸೇರಿಸಿ ಒಟ್ಟು ವೆಚ್ಚ ಕೇಳಿರಿ. ಫಲಕದ ವಿಸ್ತೀರ್ಣ, ಪ್ರತಿ ಡಿಗ್ರಿಗೆ ಆಗುವ ನಷ್ಟ, ಖಾತರಿಯ ವರ್ಷಗಳು, ಈ ಮೂರನ್ನೂ ಬರಹದಲ್ಲಿ ಪಡೆಯಿರಿ. ಫಲಕವನ್ನು ದಕ್ಷಿಣಕ್ಕೆ ಮುಖ ಮಾಡಿ ಸುಮಾರು 17 ಡಿಗ್ರಿ ಓರೆಯಾಗಿ ನಿಲ್ಲಿಸಿರಿ. ಧೂಳನ್ನು ಗಾಜು ಕಾಯುವ ಮೊದಲು, ಬೆಳಿಗ್ಗೆಯೇ ತೊಳೆಯಿರಿ.

ಚಾಟ್ನಿ ಮಾಡಿದ ಬಳ್ಳಿ ಫಲಕದ ದರ ಕೇಳುವುದಿಲ್ಲ, ನೀರು ಕೇಳುತ್ತದೆ. ಲೆಕ್ಕವನ್ನು ನೀರಿನಿಂದಲೇ ಆರಂಭಿಸಿರಿ.