ಕಾರು ಕೂಗಿದರೆ ಕಿವಿಗೊಡಿ: ತೆಂಗಿನ ಸೀಮೆಯ ರಿಪೇರಿ ವಿಜ್ಞಾನ

"ಅಣ್ಣ, ಗಾಡಿಲಿ ಏನೋ ಸೌಂಡ್ ಬತ್ತಾ ಐತೆ." ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ, ಎಲ್ಲಿಯ ಗ್ಯಾರೇಜಿನ ಮುಂದೆ ನಿಂತರೂ ಕೇಳಿಬರುವ ಮಾತು ಇದು. ನುರಿತ ಮೆಕ್ಯಾನಿಕ್ ತಕ್ಷಣ ಬಾನೆಟ್ ಎತ್ತುವುದಿಲ್ಲ. "ಯಾವಾಗ ಬತ್ತದೆ ಸಾರ್?" ಎಂದು ಕೇಳುತ್ತಾನೆ. ಬ್ರೇಕ್ ಒತ್ತಿದಾಗಲೋ, ಸ್ಟೀರಿಂಗ್ ತಿರುಗಿಸಿದಾಗಲೋ, ಬೆಳಗ್ಗೆ ಮೊದಲ ಸಲ ಸ್ಟಾರ್ಟ್ ಮಾಡಿದಾಗಲೋ, ಹಂಪ್ಸ್ ದಾಟುವಾಗಲೋ?

ಅರ್ಧ ರಿಪೇರಿ ಈ ಪ್ರಶ್ನೆಯಲ್ಲೇ ಇದೆ. ಕಾರಿನಲ್ಲಿ ತಿರುಗುವ ಭಾಗಗಳೆಲ್ಲ ಒಂದೇ ವೇಗದಲ್ಲಿ ತಿರುಗುವುದಿಲ್ಲ. ಚಕ್ರದ ಲಯ ಬೇರೆ, ಇಂಜಿನ್ನಿನ ಲಯ ಬೇರೆ. ರಸ್ತೆಯ ಹಳ್ಳದಿಣ್ಣೆಗೆ ಲಯವೇ ಇಲ್ಲ. ಸದ್ದು ಯಾವುದರ ಜೊತೆ ಏರುತ್ತದೆ, ಯಾವುದರ ಜೊತೆ ಇಳಿಯುತ್ತದೆ ಎಂದು ಗಮನಿಸಿದರೆ ಅದು ಹುಟ್ಟುವ ಜಾಗ ತಾನಾಗಿ ಗೊತ್ತಾಗುತ್ತದೆ. ಹೀಗೆ ಗಮನಿಸಲು ಯಾವ ಉಪಕರಣವೂ ಬೇಕಿಲ್ಲ.

ಲಯ ಹಿಡಿದು ಲೆಕ್ಕ

ಮನೆಮಂದಿ ಬಳಸುವ ಸಾಮಾನ್ಯ ಸೆಡಾನ್ ಕಾರಿನ ಟೈರಿನ ಸುತ್ತಳತೆ ಸುಮಾರು 1.9 ಮೀಟರ್. ಗಂಟೆಗೆ 20 ಕಿ.ಮೀ. ವೇಗದಲ್ಲಿ ಅದು ಸೆಕೆಂಡಿಗೆ ಸುಮಾರು 3 ಸುತ್ತು ಹಾಕುತ್ತದೆ, 60 ಕಿ.ಮೀ. ವೇಗದಲ್ಲಿ ಸುಮಾರು 9 ಸುತ್ತು. ಟೈರಿಗೆ ಕಲ್ಲು ಸಿಕ್ಕಿದ್ದರೆ, ಮೊಳೆ ಚುಚ್ಚಿದ್ದರೆ, ಟೈರ್ ಒಂದು ಕಡೆ ಉಬ್ಬಿದ್ದರೆ ಸದ್ದು ಇದೇ ಲೆಕ್ಕದಲ್ಲಿ ಬರುತ್ತದೆ. ನಿಧಾನವಾಗಿ ಹೋಗುವಾಗ ಅದನ್ನು ಎಣಿಸಲೂಬಹುದು.

ಇಂಜಿನ್ನಿನ ಲೆಕ್ಕ ಬೇರೆ. ನಿಂತ ಕಾರಿನಲ್ಲಿ ಇಂಜಿನ್ ನಿಮಿಷಕ್ಕೆ ಸುಮಾರು 800 ಸುತ್ತು ತಿರುಗುತ್ತಿದ್ದರೆ ಸೆಕೆಂಡಿಗೆ 13 ಸುತ್ತು ಆಯಿತು. ನಾಲ್ಕು ಹೊಡೆತದ ಇಂಜಿನ್ನಿನಲ್ಲಿ ಪ್ರತಿಯೊಂದು ವಾಲ್ವ್ ಎರಡು ಸುತ್ತಿಗೆ ಒಮ್ಮೆ ಮಾತ್ರ ತೆರೆಯುವುದರಿಂದ, ಸಡಿಲಗೊಂಡ ವಾಲ್ವಿನ ಟಕಟಕ ಸೆಕೆಂಡಿಗೆ ಆರೇಳು ಸಲ ಕೇಳುತ್ತದೆ. ಕಾರು ನಿಂತಿದ್ದರೂ ಆಕ್ಸಿಲರೇಟರ್ ಒತ್ತಿದ ಕೂಡಲೇ ಸದ್ದಿನ ವೇಗ ಹೆಚ್ಚಿದರೆ ದೋಷ ಇಂಜಿನ್ನಿನ ಕಡೆಯದು. ಕಾರು ಚಲಿಸಿದಾಗ ಮಾತ್ರ ಬಂದು, ಗೇರನ್ನು ನ್ಯೂಟ್ರಲ್‌ಗೆ ತಂದರೂ ಮುಂದುವರಿದರೆ ಅದು ಚಕ್ರದ ಕಡೆಯದು. ಈ ಪರೀಕ್ಷೆಯನ್ನು ಸಮತಟ್ಟಾದ, ಓಡಾಟವಿಲ್ಲದ ರಸ್ತೆಯಲ್ಲಿ ಮಾತ್ರ ಮಾಡಬೇಕು.

ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಇಂಜಿನ್ನಿಗೆ ತಾಗಿಸಿ ಹಿಡಿಯನ್ನು ಕಿವಿಗೆ ಒತ್ತಿಕೊಳ್ಳುವ ಮೆಕ್ಯಾನಿಕ್‌ಗಳು ಮಾಡುವುದೂ ಭೌತವಿಜ್ಞಾನವೇ. ಗಾಳಿಯಲ್ಲಿ ಸದ್ದು ಸೆಕೆಂಡಿಗೆ ಸುಮಾರು 340 ಮೀಟರ್ ಸಾಗಿದರೆ ಉಕ್ಕಿನಲ್ಲಿ 5,000 ಮೀಟರಿಗೂ ಹೆಚ್ಚು ಸಾಗುತ್ತದೆ. ಅದಕ್ಕಿಂತ ಮುಖ್ಯವಾಗಿ, ಲೋಹದ ಕಂಪನ ಗಾಳಿಗೆ ದಾಟುವಾಗ ಅದರ ಬಹುಪಾಲು ಶಕ್ತಿ ಹಿಂದಕ್ಕೆ ತಿರುಗಿಬಿಡುತ್ತದೆ. ಸ್ಕ್ರೂಡ್ರೈವರ್ ಆ ನಷ್ಟವನ್ನು ತಪ್ಪಿಸಿ, ಹತ್ತು ಸದ್ದುಗಳ ನಡುವೆ ಒಂದು ಬೇರಿಂಗಿನ ಸದ್ದನ್ನು ಮಾತ್ರ ಕಿವಿಗೆ ತಲುಪಿಸುತ್ತದೆ.

ಕಿರ್ರ್, ಕಟಕಟ, ಗುಂಯ್

ಬ್ರೇಕ್ ಒತ್ತಿದಾಗ ಬರುವ ಕಿರಿಚಾಟವನ್ನು ಎಷ್ಟೋ ಕಾರುಗಳಲ್ಲಿ ಬೇಕೆಂದೇ ಇಟ್ಟಿರುತ್ತಾರೆ. ಬ್ರೇಕ್ ಪ್ಯಾಡ್ ಸವೆದು ಎರಡು ಮೂರು ಮಿಲಿಮೀಟರ್ ಉಳಿದಾಗ ಅದರ ಅಂಚಿನ ಚಿಕ್ಕ ಉಕ್ಕಿನ ಪಟ್ಟಿಯೊಂದು ಡಿಸ್ಕಿಗೆ ತಾಗಿ ಕೂಗುತ್ತದೆ. ಪಟ್ಟಿ ಡಿಸ್ಕಿಗೆ ಒಂದು ಕ್ಷಣ ಅಂಟಿಕೊಂಡು, ಮರುಕ್ಷಣ ಜಾರಿ, ಮತ್ತೆ ಅಂಟಿಕೊಳ್ಳುವುದು ಸೆಕೆಂಡಿಗೆ ಸಾವಿರಾರು ಸಲ ನಡೆಯುತ್ತದೆ. ಪಿಟೀಲಿನ ತಂತಿ ಕಮಾನಿಗೆ ಸಿಕ್ಕು ಹಾಡುವುದೂ ಹೀಗೆಯೇ. ಈ ಕೂಗನ್ನು ಅಲಕ್ಷಿಸಿದರೆ ಮುಂದೆ ಕೇಳುವುದು ಕರಕರ ಸದ್ದು: ಪ್ಯಾಡ್ ಮುಗಿದು ಅದರ ಹಿಂದಿನ ಕಬ್ಬಿಣದ ತಟ್ಟೆ ಡಿಸ್ಕನ್ನೇ ಕೊರೆಯುತ್ತಿರುತ್ತದೆ. ಪ್ಯಾಡಿನ ಖರ್ಚಿನಲ್ಲಿ ಮುಗಿಯಬೇಕಿದ್ದ ಕೆಲಸಕ್ಕೆ ಆಗ ಡಿಸ್ಕಿನ ಖರ್ಚೂ ಸೇರುತ್ತದೆ.

ಪೂರ್ತಿ ಸ್ಟೀರಿಂಗ್ ತಿರುಗಿಸಿ ಕಾರನ್ನು ಹೊರಳಿಸುವಾಗ ಮುಂಚಕ್ರದಿಂದ ಕಟಕಟ ಬಂದರೆ ಸಿ.ವಿ. ಜಾಯಿಂಟ್ ನೋಡಿಸಬೇಕು. ಫೋರ್ಡ್ ಕಂಪನಿಯ ಇಂಜಿನಿಯರ್ ಆಲ್ಫ್ರೆಡ್ ರ್ಝೆಪ್ಪಾ 1920ರ ದಶಕದಲ್ಲಿ ರೂಪಿಸಿದ ಈ ಗುಂಡುಗಳ ಕೀಲು, ಚಕ್ರ ಯಾವ ಕೋನಕ್ಕೆ ತಿರುಗಿದರೂ ಒಂದೇ ವೇಗದಲ್ಲಿ ಅದಕ್ಕೆ ಶಕ್ತಿ ಮುಟ್ಟಿಸುತ್ತದೆ. ಅದರ ಮೇಲೆ ಗ್ರೀಸ್ ತುಂಬಿದ ರಬ್ಬರ್ ಚೀಲವೊಂದಿರುತ್ತದೆ. ತೋಟದ ದಾರಿಯ ಮುಳ್ಳಿಗೋ ಚೂಪುಗಲ್ಲಿಗೋ ಸಿಕ್ಕಿ ಚೀಲ ಹರಿದರೆ ಗ್ರೀಸ್ ಹೊರಗೆ, ಮರಳು ಒಳಗೆ. ಮರಳಿನ ಬೆಣಚು ಗಟ್ಟಿತನದ ಮೋಸ್ ಮಾಪಕದಲ್ಲಿ 7ರ ಸ್ಥಾನದಲ್ಲಿದೆ, ಸಾಮಾನ್ಯ ಉಕ್ಕಿಗಿಂತ ಗಟ್ಟಿ. ಚೀಲ ಹರಿದ ಹೊಸದರಲ್ಲೇ ಕಂಡರೆ ಚೀಲ, ಗ್ರೀಸ್ ಬದಲಿಸಿದರೆ ಸಾಕು. ಕಟಕಟ ಶುರುವಾದ ಮೇಲೆ ಕೀಲನ್ನೇ ಬದಲಿಸಬೇಕಾಗುತ್ತದೆ.

ಹೆದ್ದಾರಿಯಲ್ಲಿ ವೇಗದ ಜೊತೆ ಏರುವ ಗುಂಯ್ ಸದ್ದು ಚಕ್ರದ ಬೇರಿಂಗಿನದು ಇರಬಹುದು. ಕಾರು ಎಡಕ್ಕೆ ಹೊರಳಿದಾಗ ಭಾರ ಬಲಗಡೆಯ ಚಕ್ರಗಳ ಮೇಲೆ ಬೀಳುತ್ತದೆ. ಆಗ ಸದ್ದು ಹೆಚ್ಚಿದರೆ ಬಲಗಡೆಯ ಬೇರಿಂಗ್ ಮೇಲೆ ಅನುಮಾನ, ಕಡಿಮೆಯಾದರೆ ಎಡಗಡೆಯದರ ಮೇಲೆ. ಬೆಳಗ್ಗೆ ಸ್ಟಾರ್ಟ್ ಮಾಡಿದಾಗ ಕಿರ್ರ್ ಎಂದು ಸ್ವಲ್ಪ ಹೊತ್ತಿಗೆ ನಿಲ್ಲುವ ಸದ್ದು ಸಾಮಾನ್ಯವಾಗಿ ಸಡಿಲಗೊಂಡ ಇಲ್ಲವೇ ಸವೆದ ಬೆಲ್ಟಿನದು. ಹಂಪ್ಸ್ ಮೇಲೆ ಮಾತ್ರ ಬರುವ ಲೊಟಲೊಟ ಸದ್ದಿಗೆ ಹೆಚ್ಚಾಗಿ ರಬ್ಬರ್ ಬುಶ್‌ಗಳು, ಶಾಕ್ ಅಬ್ಸಾರ್ಬರ್‌ಗಳು ಕಾರಣ. ಆದರೆ ಅವುಗಳನ್ನು ಬಿಚ್ಚಿಸುವ ಮೊದಲು ಡಿಕ್ಕಿ ಖಾಲಿ ಮಾಡಿ ನೋಡಬೇಕು. ಜಾಕ್, ಸ್ಪ್ಯಾನರ್, ಹಿಂದಿನ ವಾರ ತುಂಬಿಸಿದ್ದ ಮೂಟೆಯಿಂದ ಉರುಳಿದ ತೆಂಗಿನಕಾಯಿ, ಇವೂ ಅದೇ ಸದ್ದು ಮಾಡುತ್ತವೆ.

ಮೂಗಿಗೆ ಸಿಗುವ ಸುಳಿವು

ಸಿಹಿಯಾದ ವಾಸನೆ ಬಂದರೆ ಕೂಲೆಂಟ್ ಸೋರುತ್ತಿದೆ ಎಂದೇ ತಿಳಿಯಬೇಕು. ಅದರಲ್ಲಿರುವ ಎಥಿಲೀನ್ ಗ್ಲೈಕಾಲ್‌ನ ರುಚಿಯೂ ಸಿಹಿ, ಆದರೆ ಅದು ವಿಷ. ನೆಲಕ್ಕೆ ಸೋರಿದ್ದನ್ನು ಮಕ್ಕಳಾಗಲಿ, ನಾಯಿಯಾಗಲಿ ಮುಟ್ಟದಂತೆ ತೊಳೆದುಬಿಡಬೇಕು. ಕೊಳೆತ ಮೊಟ್ಟೆಯ ವಾಸನೆ ಹೈಡ್ರೋಜನ್ ಸಲ್ಫೈಡಿನದು. 2020ರ ಏಪ್ರಿಲ್ 1ರಿಂದ ಜಾರಿಗೆ ಬಂದ ಬಿ.ಎಸ್.-6 ಪೆಟ್ರೋಲಿನಲ್ಲಿ ಗಂಧಕ ಹತ್ತು ಲಕ್ಷದಲ್ಲಿ 10 ಪಾಲು ಮೀರುವಂತಿಲ್ಲ. ಹಾಗಾಗಿ ಈ ವಾಸನೆ ಬಂದರೆ ಸೈಲೆನ್ಸರ್ ಕಡೆಯ ಕೆಟಲಿಟಿಕ್ ಕನ್ವರ್ಟರ್ ಜೊತೆಗೆ ಅತಿಯಾಗಿ ಚಾರ್ಜ್ ಆಗುತ್ತಿರುವ ಬ್ಯಾಟರಿಯನ್ನೂ ನೋಡಬೇಕು. ಅಂಥ ಬ್ಯಾಟರಿ ಹೈಡ್ರೋಜನ್ ಅನಿಲವನ್ನೂ ಬಿಡುವುದರಿಂದ ಹತ್ತಿರ ಬೀಡಿ, ಬೆಂಕಿಕಡ್ಡಿ ಬೇಡ.

ಎಣ್ಣೆ ಸುಟ್ಟ ವಾಸನೆ ಬಂದರೆ ಇಂಜಿನ್ ತಲೆಯ ಮುಚ್ಚಳದ ಗ್ಯಾಸ್ಕೆಟ್ ಸೋರಿ ಆಯಿಲ್ ಬಿಸಿ ಪೈಪಿನ ಮೇಲೆ ಬೀಳುತ್ತಿರಬಹುದು. ದಿಣ್ಣೆಯಲ್ಲಿ ಕ್ಲಚ್ಚನ್ನು ಅರ್ಧ ಒತ್ತಿಕೊಂಡು ನಿಂತಾಗ ಬರುವ ಕಾಗದ ಸುಟ್ಟಂಥ ವಾಸನೆ ಕ್ಲಚ್ ತಟ್ಟೆಯದು. ಎ.ಸಿ. ಹಾಕಿದ ಕೂಡಲೇ ಮುಗ್ಗಲು ವಾಸನೆ ಬಂದರೆ ಒಳಗಿನ ತಂಪು ಸುರುಳಿಯ ಮೇಲೆ ಕುಳಿತ ತೇವದಲ್ಲಿ ಬೂಷ್ಟು, ಬ್ಯಾಕ್ಟೀರಿಯಾ ಬೆಳೆದಿವೆ. ಮನೆ ಸೇರುವ ಎರಡು ಮೂರು ನಿಮಿಷ ಮೊದಲೇ ಎ.ಸಿ. ನಿಲ್ಲಿಸಿ ಫ್ಯಾನ್ ಮಾತ್ರ ಓಡಿಸಿದರೆ ಸುರುಳಿ ಒಣಗಿ ಈ ತೊಂದರೆ ಬಹಳ ಮಟ್ಟಿಗೆ ತಪ್ಪುತ್ತದೆ. ವಾಸನೆ ಹೀರುವ ಕ್ಯಾಬಿನ್ ಫಿಲ್ಟರುಗಳಲ್ಲಿ ಬಳಸುವ ಸಕ್ರಿಯ ಇಂಗಾಲಕ್ಕೆ ಮುಖ್ಯ ಕಚ್ಚಾವಸ್ತುಗಳಲ್ಲಿ ಒಂದು ತೆಂಗಿನ ಚಿಪ್ಪಿನ ಇದ್ದಿಲು. ಅದರ ಒಂದು ಗ್ರಾಂನಲ್ಲಿರುವ ಸೂಕ್ಷ್ಮ ರಂಧ್ರಗಳ ಒಳಮೈಯನ್ನೆಲ್ಲ ಬಿಡಿಸಿ ಹಾಸಿದರೆ ಸುಮಾರು 1,000 ಚದರ ಮೀಟರ್ ಆಗುತ್ತದೆ.

ವಾಸನೆಯೇ ಇಲ್ಲದ ಅಪಾಯವೂ ಒಂದಿದೆ. ಸೈಲೆನ್ಸರ್ ತೂತಾಗಿ ಹೊಗೆ ಒಳಗೆ ನುಗ್ಗಿದರೆ ಅದರಲ್ಲಿನ ಕಾರ್ಬನ್ ಮೊನಾಕ್ಸೈಡ್ ಮೂಗಿಗೆ ತಿಳಿಯುವುದಿಲ್ಲ. ರಕ್ತದ ಹಿಮೋಗ್ಲೋಬಿನ್ ಆಮ್ಲಜನಕಕ್ಕಿಂತ 200ಕ್ಕೂ ಹೆಚ್ಚು ಪಟ್ಟು ಬಲವಾಗಿ ಅದನ್ನು ಹಿಡಿದುಕೊಳ್ಳುತ್ತದೆ. ಸೈಲೆನ್ಸರಿನ ಸದ್ದು ಏಕಾಏಕಿ ಜೋರಾಗಿ, ಕುಳಿತವರಿಗೆ ತಲೆನೋವು, ಮಂಪರು ಬಂದರೆ ಗಾಜು ಇಳಿಸಿ, ಕಾರು ನಿಲ್ಲಿಸಿ ಹೊರಗೆ ಬರಬೇಕು.

ಅಟ್ಟದಿಂದ ಬಾನೆಟ್ಟಿಗೆ

ಕಲ್ಪತರು ನಾಡಿನ ಕಾರುಗಳಿಗೆ ಊರಿನದೇ ಆದ ಕೆಲವು ಕಾಯಿಲೆಗಳಿವೆ. ಇಲ್ಲಿ ಉಂಡೆ ಕೊಬ್ಬರಿಗಾಗಿ ಕಾಯನ್ನು ತಿಂಗಳುಗಟ್ಟಲೆ ಅಟ್ಟದ ಮೇಲೆ ಒಣಗಿಸುತ್ತಾರೆ. ಕೊಬ್ಬರಿ ಇದ್ದಲ್ಲಿ ಇಲಿ ಇರುತ್ತದೆ. ಇಲಿಯ ಬಾಚಿಹಲ್ಲು ಬದುಕಿರುವಷ್ಟು ಕಾಲವೂ ಬೆಳೆಯುತ್ತಲೇ ಇರುವುದರಿಂದ ಅದು ಏನನ್ನಾದರೂ ಕಡಿಯುತ್ತಿರುತ್ತದೆ. ಕೊಬ್ಬರಿ ಮನೆಯ ಪಕ್ಕದಲ್ಲೇ ರಾತ್ರಿ ನಿಲ್ಲಿಸಿದ ಕಾರಿನ ಬೆಚ್ಚಗಿನ ಇಂಜಿನ್ ಅದಕ್ಕೆ ಒಳ್ಳೆಯ ಮನೆ.

ಬೆಳಗ್ಗೆ ಕಾರು ಸ್ಟಾರ್ಟ್ ಆಗದಿದ್ದರೆ, ಇಂಜಿನ್ ಮಿಸ್ಸಿಂಗ್ ಹೊಡೆದರೆ, ಹಳದಿ ಇಂಜಿನ್ ದೀಪ ಉರಿದರೆ ಈ ಸೀಮೆಯಲ್ಲಿ ಮೊದಲು ಹುಡುಕಬೇಕಾದದ್ದು ಕಡಿದ ವೈರನ್ನು. ಏರ್ ಫಿಲ್ಟರಿನ ಡಬ್ಬಿಯಲ್ಲಿ, ಇಂಜಿನ್ ಮೇಲಿನ ಪ್ಲಾಸ್ಟಿಕ್ ಮುಚ್ಚಳದ ಕೆಳಗೆ ನಾರಿನ ಗೂಡೂ ಸಿಗಬಹುದು. ಒಣ ನಾರು ಬಿಸಿ ಪೈಪಿಗೆ ತಾಗಿದರೆ ಬೆಂಕಿ ಹತ್ತುತ್ತದೆ. ಇಲಿ ಪೆಟ್ರೋಲ್ ಪೈಪನ್ನೇ ಕಡಿದಿದ್ದರೆ ಅಪಾಯ ಇನ್ನೂ ದೊಡ್ಡದು. ಗೂಡು ತೆಗೆಯುವಾಗ ಕೈಗವಸು ಹಾಕಿಕೊಳ್ಳಬೇಕು, ಏಕೆಂದರೆ ಇಲಿಯ ಮೂತ್ರದಿಂದ ಇಲಿಜ್ವರ ಹರಡುತ್ತದೆ. ಕಾರನ್ನು ಕೊಬ್ಬರಿ ಮನೆ, ಮಟ್ಟೆ ರಾಶಿಗಳಿಂದ ದೂರ ನಿಲ್ಲಿಸುವುದು, ಗಾಳಿ ಸೇರುವ ಬಾಯಿಗೆ ಸಣ್ಣ ಕಣ್ಣಿನ ತಂತಿ ಬಲೆ ಹಾಕಿಸುವುದು, ಕೆಲವು ದಿನಗಳಿಗೊಮ್ಮೆ ಬಾನೆಟ್ ಎತ್ತಿ ನೋಡುವುದು: ಈ ಮೂರೂ ಕೈಗೆಟಕುವ ಉಪಾಯಗಳು.

ಬಾನೆಟ್ ಎತ್ತಿದಾಗ ರಬ್ಬರ್ ಪೈಪುಗಳನ್ನೂ ಒತ್ತಿ ನೋಡಬೇಕು. 2025ರ ಹೊತ್ತಿಗೆ ದೇಶದ ಪೆಟ್ರೋಲಿನಲ್ಲಿ ಎಥನಾಲ್ ಪ್ರಮಾಣ ಶೇ. 20ಕ್ಕೆ ಏರಿತು. ಹಳೆಯ ಕಾರುಗಳ ಎಷ್ಟೋ ರಬ್ಬರ್ ಪೈಪು, ಸೀಲುಗಳು ಇಷ್ಟು ಎಥನಾಲಿಗೆಂದು ತಯಾರಾದವಲ್ಲ. ಕಾಲಕ್ರಮದಲ್ಲಿ ಉಬ್ಬಿ ಬಿರುಕು ಬಿಡಬಹುದು. 2010ರ ಕೊನೆಯಲ್ಲಿ ಮಾರುಕಟ್ಟೆಗೆ ಬಂದ, ನಮ್ಮ ರಾಜ್ಯದ ಬಿಡದಿಯಲ್ಲೇ ತಯಾರಾದ ಎಟಿಯೋಸ್‌ನಂಥ ಸೆಡಾನ್‌ಗಳ ಮೊದಲ ವರ್ಷಗಳ ಗಾಡಿಗಳಿಗೆ ಈಗ ಹದಿನೈದರ ಆಸುಪಾಸಿನ ಪ್ರಾಯ. ಯಾವುದೇ ಕಂಪನಿಯ ಕಾರಾಗಲಿ, ಈ ವಯಸ್ಸಿಗೆ ರಬ್ಬರನ್ನು ಪರೀಕ್ಷಿಸಲೇಬೇಕು.

ನೀರು, ನಾರು, ದೂಳು

ಒಂದು ಲೀಟರ್ ಪೆಟ್ರೋಲ್ ಉರಿಯಲು ಸುಮಾರು 9,000 ಲೀಟರ್ ಗಾಳಿ ಬೇಕು. ತಿಪಟೂರಿನಿಂದ ತುಮಕೂರಿಗೆ ಎಪ್ಪತ್ತು ಚಿಲ್ಲರೆ ಕಿ.ಮೀ. ಹೋಗುವಷ್ಟರಲ್ಲಿ ಇಂಜಿನ್ 40 ಸಾವಿರ ಲೀಟರಿಗೂ ಹೆಚ್ಚು ಗಾಳಿ ಕುಡಿದಿರುತ್ತದೆ. ಮಣ್ಣುದಾರಿಯ ದೂಳು, ನಾರಿನ ಕಾರ್ಖಾನೆಯ ಪುಡಿ ಎಲ್ಲವನ್ನೂ ತಡೆಯುವುದು ಒಂದು ಕಾಗದದ ಫಿಲ್ಟರ್. ಅದು ಕಟ್ಟಿಕೊಂಡರೆ ಪಿಕಪ್ ಇಳಿಯುತ್ತದೆ. ಕಂಪನಿಯ ಪುಸ್ತಕದಲ್ಲಿ ದೂಳಿನ ರಸ್ತೆಗೆ ಬೇರೆಯೇ ಅವಧಿ ಕೊಟ್ಟಿರುತ್ತಾರೆ. ಇಲ್ಲಿಯ ಕಾರುಗಳು ಅದನ್ನೇ ಪಾಲಿಸಬೇಕು.

ನಾರಿನ ಪುಡಿ ತನ್ನ ತೂಕದ ಹಲವು ಪಟ್ಟು ನೀರು ಹೀರುತ್ತದೆ. ನರ್ಸರಿಗಳಿಗೆ ವರವಾದ ಈ ಗುಣ ಕಾರಿಗೆ ಶಾಪ. ಮುಂದಿನ ಗಾಜಿನ ಬುಡದಲ್ಲಿ ಮಳೆನೀರು ಹರಿದುಹೋಗುವ ಕಿಂಡಿಗಳಲ್ಲಿ ಪುಡಿ ತುಂಬಿದರೆ ನೀರು ಕ್ಯಾಬಿನ್ ಒಳಗೆ ಇಳಿಯುತ್ತದೆ. ಕಾರ್ಪೆಟ್ ನಾರುತ್ತದೆ, ತಗಡು ತುಕ್ಕು ಹಿಡಿಯುತ್ತದೆ. ರೇಡಿಯೇಟರಿನ ಎಸಳುಗಳ ನಡುವೆ ಸಿಕ್ಕಿದ ನಾರು ಗಾಳಿಯನ್ನು ತಡೆದು ಬೇಸಿಗೆಯಲ್ಲಿ ಇಂಜಿನ್ ಕಾಯುವಂತೆ ಮಾಡುತ್ತದೆ.

ಕಾದ ರೇಡಿಯೇಟರಿಗೆ ಕೊಳವೆಬಾವಿ ನೀರು ಸುರಿಯುವ ರೂಢಿ ಬಿಡಬೇಕು. ಗಡಸು ನೀರು ಕಾದಾಗ ಅದರ ಸುಣ್ಣದ ಅಂಶ ಬಿಳಿ ಗಟ್ಟಿ ಪದರವಾಗಿ ಕೊಳವೆಗಳ ಒಳಗೆ ಕೂರುತ್ತದೆ, ಶಾಖ ಹೊರಹೋಗಲು ಬಿಡುವುದಿಲ್ಲ. ಕೂಲೆಂಟನ್ನು ಬೆರೆಸಲು ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ಸರಿ. ಬಿಸಿ ಇಂಜಿನ್ನಿನ ರೇಡಿಯೇಟರ್ ಮುಚ್ಚಳವನ್ನು ಮಾತ್ರ ಎಂದೂ ತೆರೆಯಕೂಡದು. ಒಳಗಿನ ಒತ್ತಡದಿಂದಾಗಿ ನೀರು 100 ಡಿಗ್ರಿ ದಾಟಿಯೂ ಕುದಿಯದೆ ನಿಂತಿರುತ್ತದೆ. ಮುಚ್ಚಳ ತೆರೆದ ಕ್ಷಣವೇ ಕುದಿದು ಮುಖಕ್ಕೆ ಚಿಮ್ಮುತ್ತದೆ.

ಚಾರ್ಮಾಡಿ ಇಳಿಯುವಾಗ

ಈ ಸೀಮೆಯ ಕುಟುಂಬಗಳು ಅರಸೀಕೆರೆ, ಬೇಲೂರು, ಮೂಡಿಗೆರೆ ದಾಟಿ ಧರ್ಮಸ್ಥಳಕ್ಕೆ ಹೋಗುವಾಗ ಚಾರ್ಮಾಡಿ ಘಾಟಿ ಎದುರಾಗುತ್ತದೆ. ಜನ, ಲಗೇಜು ಸೇರಿ 1,300 ಕೆ.ಜಿ. ತೂಗುವ ಕಾರು 800 ಮೀಟರ್ ಕೆಳಗಿಳಿದರೆ ಬಿಡುಗಡೆಯಾಗುವ ಶಕ್ತಿ, 30 ಲೀಟರ್ ತಣ್ಣೀರನ್ನು ಕುದಿಯುವವರೆಗೆ ಕಾಯಿಸಲು ಸಾಕು. ಬರೀ ಬ್ರೇಕ್ ಒತ್ತಿಕೊಂಡು ಇಳಿದರೆ ಇದರ ಬಹುಪಾಲು ಶಾಖ ಡಿಸ್ಕು, ಡ್ರಮ್ಮುಗಳಿಗೇ ಹೋಗುತ್ತದೆ. ಘಾಟು ವಾಸನೆ ಬರುವುದು ಆಗಲೇ.

ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರುವ ಗುಣದ್ದು. ಹೊಸ ಡಾಟ್-3 ಆಯಿಲ್ 205 ಡಿಗ್ರಿಯವರೆಗೆ ಕುದಿಯಬಾರದೆಂಬುದು ನಿಯಮ. ತೇವ ಹೀರಿದ ಮೇಲೆ ಈ ಮಿತಿ 140 ಡಿಗ್ರಿಗೆ ಇಳಿಯುತ್ತದೆ. ಕುದಿದ ಆಯಿಲಿನಲ್ಲಿ ಆವಿಯ ಗುಳ್ಳೆಗಳೆದ್ದರೆ ಪೆಡಲ್ ಮೆತ್ತಗಾಗಿ ಕೆಳಗೆ ಹೋಗುತ್ತದೆ, ಬ್ರೇಕ್ ಹಿಡಿಯುವುದಿಲ್ಲ. ಹಾಗಾಗಿ ಎರಡು ವರ್ಷಕ್ಕೊಮ್ಮೆ ಈ ಆಯಿಲ್ ಬದಲಿಸಬೇಕು. ಘಾಟಿಯನ್ನು ಹತ್ತಲು ಬೇಕಾಗುವ ಗೇರಿನಲ್ಲೇ ಇಳಿಯಬೇಕು. ನ್ಯೂಟ್ರಲ್‌ನಲ್ಲಿ ಬಿಟ್ಟು ಪೆಟ್ರೋಲ್ ಉಳಿಸಲು ಹೋಗುವುದು ಜೀವಕ್ಕೆ ಎರವಾಗುವ ಕೆಲಸ. ಇಂದಿನ ಇಂಜಿನ್‌ಗಳು ಗೇರಿನಲ್ಲಿ ಇಳಿಯುವಾಗ ಪೆಟ್ರೋಲ್ ಸರಬರಾಜನ್ನು ತಾವೇ ನಿಲ್ಲಿಸುತ್ತವೆ, ಉಳಿತಾಯವೂ ಅದರಲ್ಲೇ ಇದೆ.

ಗ್ಯಾರೇಜಿಗೆ ಹೋಗುವ ಮುನ್ನ ನಾಲ್ಕು ಸಂಗತಿ ಬರೆದಿಟ್ಟುಕೊಳ್ಳಿ: ಸದ್ದು ಅಥವಾ ವಾಸನೆ ಯಾವಾಗ ಬಂತು, ಯಾವ ವೇಗದಲ್ಲಿ, ಇಂಜಿನ್ ಬಿಸಿಯಿತ್ತೋ ತಣ್ಣಗಿತ್ತೋ, ಏನು ಮಾಡಿದಾಗ ನಿಂತಿತು. ಮೊಬೈಲಿನಲ್ಲಿ ಸದ್ದನ್ನು ರೆಕಾರ್ಡ್ ಮಾಡಿಕೊಂಡರೆ ಇನ್ನೂ ಒಳ್ಳೆಯದು, ಗ್ಯಾರೇಜಿಗೆ ಹೋದಾಗ ಕಾರು ಸುಮ್ಮನಾಗಿಬಿಡುವುದೂ ಉಂಟು. ಹೆಚ್ಚಿನ ದೋಷಗಳು ಇಷ್ಟಕ್ಕೆ ಕಾಯುತ್ತವೆ. ಕಾಯದಿರುವವು ನಾಲ್ಕು: ಕೆಂಪು ಆಯಿಲ್ ದೀಪ, ಮೇಲೇರಿದ ಟೆಂಪರೇಚರ್ ಮುಳ್ಳು, ಮೆತ್ತಗಾದ ಬ್ರೇಕ್ ಪೆಡಲ್, ಪೆಟ್ರೋಲ್ ವಾಸನೆ. ಇವುಗಳಲ್ಲಿ ಯಾವುದೊಂದು ಕಂಡರೂ ಗೇರ್ ಇಳಿಸಿ ರಸ್ತೆಯ ಪಕ್ಕಕ್ಕೆ ಬನ್ನಿ, ಇಂಜಿನ್ ಆರಿಸಿ, ಮನೆಯವರನ್ನೆಲ್ಲ ಇಳಿಸಿ ದೂರ ನಿಲ್ಲಿಸಿ, ಆಮೇಲೆ ಮೆಕ್ಯಾನಿಕ್‌ಗೆ ಫೋನ್ ಮಾಡಿ.