ಗಾಲ್ಫ್ ದಾಂಡಿನ ಮರದ ಕಾವು

ಗಾಲ್ಫ್ ದಾಂಡಿನ ಹಿಡಿಯನ್ನೂ ತಲೆಯನ್ನೂ ಜೋಡಿಸುವ ಉದ್ದನೆಯ ಕೋಲಿಗೆ ಕಾವು ಅಥವಾ ಶಾಫ್ಟ್ ಎಂದು ಹೆಸರು. ಇಂದು ಇದು ಉಕ್ಕು ಅಥವಾ ಗ್ರಾಫೈಟಿನದು. ೧೮೭೬ರಲ್ಲಿ ಬೆಂಗಳೂರು ಗಾಲ್ಫ್ ಕ್ಲಬ್ ಸ್ಥಾಪನೆಯಾದಾಗ ಮರದ್ದಾಗಿತ್ತು. ಹತ್ತೊಂಬತ್ತನೆಯ ಶತಮಾನದಲ್ಲಿ ಆಶ್ ಮರದ ಸ್ಥಾನಕ್ಕೆ ಉತ್ತರ ಅಮೆರಿಕದ ಹಿಕರಿ ಬಂತು. ಅದು ಬಾಗಿದರೂ ಸುಲಭವಾಗಿ ಮುರಿಯದು. ಅಲ್ಲಿ ಕೊಡಲಿಯ ಕಾವಿಗೂ ಅದೇ ಮರ.

ತಯಾರಿಕೆಯ ಮರ್ಮ ಮರದ ಎಳೆಯಲ್ಲಿದೆ. ಎಳೆಗಳು ಬುಡದಿಂದ ತುದಿಯವರೆಗೆ ನೇರವಾಗಿ ಸಾಗಿರಬೇಕು. ಓರೆಯಾಗಿ ಹೊರಬಿದ್ದಲ್ಲಿ ಹೊಡೆತಕ್ಕೆ ಕಾವು ಸೀಳುತ್ತದೆ. ಚೆನ್ನಾಗಿ ಒಣಗಿಸಿದ ಚೌಕ ರೀಪನ್ನು ಕೀಸುಳಿಯಿಂದ ಮೊದಲು ಎಂಟು ಮೂಲೆಯಾಗಿಸಿ, ಬಳಿಕ ದುಂಡಗೆ ಮಾಡಿ, ತಲೆಯ ಕಡೆಗೆ ಕ್ರಮೇಣ ಸಪೂರಗೊಳಿಸುತ್ತಾರೆ. ಡೊಂಕಿದ್ದರೆ ಬಿಸಿ ತಾಗಿಸಿ ತಿದ್ದುತ್ತಾರೆ. ಕೊನೆಗೆ ಅಗಸೆ ಎಣ್ಣೆ, ಅರಗಿನ ಮೆರುಗು. ಎಷ್ಟು ಕೀಸಿದರೆ ಎಷ್ಟು ಬಾಗೀತು ಎಂಬುದು ಕೈಯ ಅಂದಾಜು. ಮಂಗಳೂರಿನ ಆಚಾರಿಗಳಿಗೆ ಇದನ್ನು ವಿವರಿಸಬೇಕಾಗಿಲ್ಲ.

ಆದರೆ ಒಂದೇ ಮರದ ಎರಡು ಕಾವುಗಳು ಸಮನಾಗಿ ಬಾಗುವುದು ಅಪರೂಪ. ಹೊಡೆತದಲ್ಲಿ ತಿರುಚಿಕೊಳ್ಳುವ ದೋಷವೂ ಇತ್ತು. ಉಕ್ಕಿನ ಕೊಳವೆಗೆ ಅಮೆರಿಕದಲ್ಲಿ ೧೯೨೪ರಲ್ಲಿ, ಬ್ರಿಟನ್ನಿನಲ್ಲಿ ೧೯೨೯ರಲ್ಲಿ ಮಾನ್ಯತೆ ದೊರೆಯಿತು. ಆದರೂ ಬಾಬಿ ಜೋನ್ಸ್ ೧೯೩೦ರಲ್ಲಿ ನಾಲ್ಕು ಪ್ರಮುಖ ಪಂದ್ಯಾವಳಿಗಳನ್ನು ಗೆದ್ದದ್ದು ಹಿಕರಿಯಿಂದಲೇ. ಮರುವರ್ಷ ಬಿಲ್ಲಿ ಬರ್ಕ್ ಉಕ್ಕಿನ ಕಾವಿನಿಂದ ಅಮೆರಿಕದ ಓಪನ್ ಪಂದ್ಯಾವಳಿಯನ್ನು ಗೆದ್ದರು.