ಕನ್ನಡಿಯಲ್ಲಿ ಕಂಡ ಕೋಲಾರಮ್ಮ

ವೇಮಗಲ್ಲಿನ ನಮ್ಮ ಮನೆಯಿಂದ ಕೋಲಾರಮ್ಮನ ಗುಡಿಗೆ ಬಸ್ಸಿನಲ್ಲಿ ಹೆಚ್ಚು ಹೊತ್ತಿನ ದಾರಿಯಲ್ಲ. ಹತ್ತಿರದ ದೇವರ ಹರಕೆಯೇ ತಡವಾಗಿ ಸಲ್ಲುವುದೆಂಬುದಕ್ಕೆ ನಮ್ಮ ಮನೆಯೇ ಸಾಕ್ಷಿ. ನಾನು ಎಂಟು ವರ್ಷದವನಾಗಿದ್ದಾಗ ಸೌದೆಯ ಸಂದಿನಲ್ಲಿದ್ದ ಚೇಳೊಂದು ನನ್ನನ್ನು ಕುಟುಕಿತು. ಆ ರಾತ್ರಿ ಅಮ್ಮ ಚೇಳಮ್ಮನಿಗೆ ಹರಕೆ ಹೊತ್ತಳು. ನಾನು ಉಳಿದೆ, ಓದಿದೆ, ಕಾಲೇಜಿನಲ್ಲಿ ಹಳಗನ್ನಡವನ್ನು ಬೋಧಿಸುವವನಾದೆ. ಹರಕೆ ಮಾತ್ರ ಹಾಗೆಯೇ ಉಳಿಯಿತು. ಕಳೆದ ವರ್ಷ ಕಣ್ಣಿನ ವೈದ್ಯರು, ಹೋದ ದೃಷ್ಟಿ ಮರಳದು, ಉಳಿದುದನ್ನು ಕಾಪಾಡಿಕೊಳ್ಳಬೇಕು ಎಂದರು. ಆಗ ಅಮ್ಮ, "ಇಷ್ಟಾದರೂ ಕಾಣುವಾಗಲೇ ಹೋಗಿಬರೋಣ ಕಣಪ್ಪ" ಎಂದಳು.

ದಾರಿಯುದ್ದಕ್ಕೂ ಅವಳದು ಒಂದೇ ಪ್ರಶ್ನೆ: "ಕೆರೆಯಲ್ಲಿ ನೀರಿದೆಯೇ?" 2018ರಿಂದ ಬೆಂಗಳೂರಿನ ಸಂಸ್ಕರಿಸಿದ ನೀರು ಈ ಜಿಲ್ಲೆಯ ಕೆರೆಗಳಿಗೆ ಹರಿದು ಬರುತ್ತಿದೆ. ಇದೆ ಎಂದೆ. ಎಲ್ಲಿಯ ನೀರೆಂದು ಹೇಳಲಿಲ್ಲ.

ಕೋಲಾರದ ಹಳೆಯ ಹೆಸರು ಕುವಲಾಲ. ಗಂಗರು ತಲಕಾಡಿಗೆ ಹೋಗುವ ಮೊದಲು ಆಳಿದ್ದು ಇಲ್ಲಿಂದ. ಹೋದ ಮೇಲೂ ತಾವು ಕುವಲಾಲಪುರದ ಒಡೆಯರೆಂಬ ಬಿರುದನ್ನು ಅವರು ಬಿಡಲಿಲ್ಲ. ಬಿ. ಎಲ್. ರೈಸ್ ಅವರು 1905ರಲ್ಲಿ ಪ್ರಕಟಿಸಿದ ಎಪಿಗ್ರಾಫಿಯಾ ಕರ್ನಾಟಿಕದ ಹತ್ತನೆಯ ಸಂಪುಟವನ್ನು ತೆರೆದರೆ ಈ ಗುಡಿಯ ತಮಿಳು ಶಾಸನಗಳು ಸಿಗುತ್ತವೆ. ಅವುಗಳಲ್ಲಿ ದೇವಿಯ ಹೆಸರು ಪಿಡಾರಿ. 11ನೆಯ ಶತಮಾನದಲ್ಲಿ ರಾಜೇಂದ್ರಚೋಳನ ಅಪ್ಪಣೆಯಂತೆ ಇಟ್ಟಿಗೆಯ ಗುಡಿ ಕಲ್ಲಿನದಾಯಿತು. ಕನ್ನಡದ ಗಂಗರ ಊರು, ತಮಿಳಿನ ಶಾಸನ, ಹೊರಗೆ ಹೂವು ಮಾರುವವಳ ಬಾಯಲ್ಲಿ ತೆಲುಗು! ನಮ್ಮ ಸೀಮೆಯನ್ನು ತಿಳಿಯಬೇಕಾದವರು ಈ ಬಾಗಿಲಿನಲ್ಲಿ ಅರ್ಧ ಗಳಿಗೆ ನಿಂತರೆ ಸಾಕು.

ಒಳಗೆ ಒಂದಕ್ಕೊಂದು ಅಡ್ಡಲಾಗಿ ಎರಡು ಗುಡಿಗಳು. ಒಂದರಲ್ಲಿ ಸಪ್ತಮಾತೃಕೆಯರೊಡನೆ ಕೋಲಾರಮ್ಮ, ಇನ್ನೊಂದರಲ್ಲಿ ಚೇಳಮ್ಮ. ದೇವಿಯದು ಉಗ್ರದೃಷ್ಟಿ, ಎದುರು ನಿಂತು ನೋಡಬಾರದೆಂದು ಭಕ್ತರು ಅವಳನ್ನು ಕನ್ನಡಿಯಲ್ಲಿ ಕಾಣುತ್ತಾರೆ. ಈ ಸಂಪ್ರದಾಯವನ್ನು ನಾನು ತರಗತಿಯಲ್ಲಿ ಎಷ್ಟೋ ಸಲ ಬಣ್ಣಿಸಿದ್ದೇನೆ. ಅಮ್ಮನ ತೋಳು ಹಿಡಿದು ಅಲ್ಲಿ ನಿಂತಾಗ ಮಾತ್ರ ಎದೆ ಅಳುಕಿತು. ನೇರವಾಗಿ ನೋಡಿದರೇ ಕಾಣದ ಕಣ್ಣಿಗೆ ಪ್ರತಿಬಿಂಬ ಕಂಡೀತೆ? ಹಿಂದೆ ಸಾಲು ಬೆಳೆಯುತ್ತಿತ್ತು. "ಮುಂದೆ ಹೋಗ್ರೀ" ಎಂದು ಯಾರೋ ಗೊಣಗಿದರು. ಅಮ್ಮ ಕದಲಲಿಲ್ಲ. ತಲೆಯನ್ನು ಕೊಂಚ ಎಡಕ್ಕೆ, ಮತ್ತೆ ಬಲಕ್ಕೆ ಓರೆಮಾಡಿ, ದೃಷ್ಟಿ ಉಳಿದಿರುವ ಮೂಲೆಯನ್ನು ಹುಡುಕಿಕೊಂಡಳು.

"ಏನೋ ಮಿಂಚಿತಪ್ಪ" ಎಂದಳು. ನಾನು ವಿವರಿಸಲು ಬಾಯಿ ತೆರೆದೆ. "ನೀನು ಹೇಳಬೇಡ, ನಾನೇ ನೋಡುತ್ತೇನೆ" ಎಂದು ತಡೆದಳು.

ಚೇಳಮ್ಮನ ಹರಕೆಗೆ ಆಡಂಬರವಿಲ್ಲ. ಇಲ್ಲಿಯ ಹುಂಡಿಯೇ ನೆಲದಲ್ಲಿ ಕೊರೆದ ಗುಂಡಿ. ಹಿಂದೆ ಹೊಸ್ತಿಲ ಕೆಳಗೆ ಚೇಳುಗಳ ಕುಳಿಯೇ ಇತ್ತೆಂದೂ ಅಲ್ಲಿ ಬೆಳ್ಳಿಯ ಚೇಳನ್ನು ಹರಕೆಯಾಗಿ ಒಪ್ಪಿಸುತ್ತಿದ್ದರೆಂದೂ ಹಳೆಯ ಮೈಸೂರು ಗೆಜೆಟಿಯರ್ ಹೇಳುತ್ತದೆ. ಅಮ್ಮ ಸೆರಗಿನ ಗಂಟು ಬಿಚ್ಚಿದಳು. ಒಳಗಿದ್ದುದು ನಾನು ಕಂಡೇ ಇರದ ಹಳೆಯ ರೂಪಾಯಿ. ಆ ರಾತ್ರಿಯೇ ಅರಿಸಿನದ ಬಟ್ಟೆಯಲ್ಲಿ ಕಟ್ಟಿ ತೆಗೆದಿಟ್ಟದ್ದಂತೆ. ಬಗ್ಗಿ, ಬೆರಳಿನಿಂದ ಗುಂಡಿಯ ಅಂಚನ್ನು ತಡವಿ, ಅದನ್ನು ಒಳಗೆ ಬಿಟ್ಟಳು.

"ಬಿತ್ತೇ?" ಎಂದು ಕೇಳಿದಳು.

"ಬಿತ್ತಮ್ಮ."

"ಈಗ ನಿನ್ನ ಕಾಲು ತೋರಿಸು" ಎಂದು, ಮೂವತ್ತೈದು ವರ್ಷದ ಮಗನ ಪಾದವನ್ನು ಅಷ್ಟು ಜನರ ಮುಂದೆ ಹಿಡಿದುಕೊಂಡು, ಚೇಳು ಕುಟುಕಿದ್ದ ಜಾಗವನ್ನು ಹುಡುಕತೊಡಗಿದಳು.